ಬಿಸಾಡುತ್ತಿದ್ದ ಪೆಲೆಟ್‌ನಲ್ಲೇ ಇತ್ತು ಫೈಬ್ರೋನೆಕ್ಟಿನ್: ನನ್ನ ಅನುಭವ

ಕಿಡ್ನಿ ನಾರುಗಟ್ಟುವ ಕಾಯಿಲೆ (ಫೈಬ್ರೋಸಿಸ್) ನನ್ನ ವಿಷಯ. ಯುರೇಟರ್ (ಕಿಡ್ನಿಯಿಂದ ಮೂತ್ರ ಇಳಿಯುವ ನಾಳ) ಕಟ್ಟಿ 14 ದಿನವಾದ ವಿಸ್ಟಾರ್ ಇಲಿಯ ಕಿಡ್ನಿ. ಅದರ ತೆಳು ಸೆಕ್ಷನ್ನಿಗೆ, ಕೊಲಾಜೆನ್ ನಾರಿಗೆ ಬಣ್ಣ ಹಚ್ಚುವ ಪಿಕ್ರೋಸಿರಿಯಸ್ ರೆಡ್ ಹಾಕಿದರೆ ಕೆಂಪೋ ಕೆಂಪು. ಅದೇ ಕಿಡ್ನಿಯನ್ನು ಅರೆದು ಕರಗಿಸಿದ ಲೈಸೇಟ್ ಜೆಲ್ ಮೇಲೆ ಓಡಿಸಿ, ಆಂಟಿಬಾಡಿಯಿಂದ ಪ್ರೋಟೀನ್ ಗುರುತಿಸಿದರೆ (ವೆಸ್ಟರ್ನ್ ಬ್ಲಾಟ್), ನಾರಿನ ಪ್ರೋಟೀನಾದ ಫೈಬ್ರೋನೆಕ್ಟಿನ್ ಶ್ಯಾಮ್‌ಗಿಂತ (ನಾಳ ಕಟ್ಟದೆ ಬರೀ ಆಪರೇಷನ್ ಮಾಡಿದ ಇಲಿಗಿಂತ) ಒಂದೂವರೆ ಪಟ್ಟು ಹೆಚ್ಚು, ಕೊಲಾಜೆನ್ 1 ಅಷ್ಟೂ ಇಲ್ಲ. ಎಂಟು ತಿಂಗಳು ಇದೇ ಪಾಡು. ಕಣ್ಣಿಗೆ ಕಾಣುವ ನಾರು ಬ್ಲಾಟ್‌ನಲ್ಲಿ ಎಲ್ಲಿ ಹೋಯಿತು?

"ಆಂಟಿಬಾಡಿ ಬದಲಾಯಿಸಮ್ಮ" ಅಂದರು ಗೈಡ್. ಬದಲಾಯಿಸಿದೆ. ಸುಮಾರು 45 ಸಾವಿರ ಕೊಟ್ಟ ಮೊದಲ ಕೊಲಾಜೆನ್ ಆಂಟಿಬಾಡಿ ಸಹಜ ರೂಪದ ಕೊಲಾಜೆನ್ನನ್ನು ಮಾತ್ರ ಹಿಡಿಯುವಂಥದ್ದು. ಪ್ರೋಟೀನಿನ ಸಹಜ ಆಕಾರ ಬಿಡಿಸುವ ಎಸ್‌ಡಿಎಸ್‌ನಲ್ಲಿ ಕುದಿಸಿದ ಮೇಲೆ ಅದಕ್ಕೆ ಹಿಡಿಯಲು ಏನೂ ಉಳಿಯುವುದಿಲ್ಲ. ಡೇಟಾಶೀಟಿನ ಎರಡನೇ ಪುಟದಲ್ಲಿ ಬರೆದಿತ್ತು, ನಾನು ಓದಿರಲಿಲ್ಲ. ಎರಡನೆಯದು ಬರಲು ಒಂಬತ್ತು ವಾರ ಹಿಡಿಯಿತು, ಪೆಟ್ಟಿಗೆ ಬಿಚ್ಚಿದರೆ ಡ್ರೈ ಐಸ್ ಪೂರ್ತಿ ಆರಿಹೋಗಿತ್ತು. ದುಡ್ಡು ವಾಪಸ್ ಬರಲಿಲ್ಲ. ಆ ವರ್ಷದ ಕಂಟಿಂಜೆನ್ಸಿ ಅನುದಾನ ಅಲ್ಲಿಗೇ ಮುಗಿಯಿತು.

ನಾರು ತಯಾರಿಸುವ ಕೋಶಗಳ ಗುರುತಾದ ಆಲ್ಫಾ ಎಸ್ಎಂಎ ಪ್ರೋಟೀನ್ ಮಾತ್ರ ಕೈಕೊಡಲಿಲ್ಲ, ಏಳನೇ ದಿನಕ್ಕೇ ದಪ್ಪ ಬ್ಯಾಂಡ್. ಆದರೆ ಆ ಮೆಂಬ್ರೇನನ್ನೇ ಸ್ಟ್ರಿಪ್ ಮಾಡಿ (ಹಳೆಯ ಆಂಟಿಬಾಡಿ ತೊಳೆದು), ಲೇನುಗಳನ್ನು ಹೋಲಿಸಲು ಬಳಸುವ ಬೀಟಾ ಆಕ್ಟಿನ್ ನೋಡಬೇಡಿ. ಎರಡೂ 42 ಕಿಲೋಡಾಲ್ಟನ್ನಿನ ಹತ್ತಿರವೇ ಕೂರುತ್ತವೆ, ಹಳೆಯ ಸಿಗ್ನಲ್ ಉಳಿದರೆ ಗೊತ್ತೇ ಆಗುವುದಿಲ್ಲ. ನನ್ನ ಎರಡು ತಿಂಗಳ ಲೆಕ್ಕ ಹೀಗೇ ಕೆಟ್ಟಿತ್ತು. ಹೋಲಿಕೆಗೆ ಬದಲಿಯಾಗಿ ಜಿಎಪಿಡಿಎಚ್ ಪ್ರೋಟೀನ್ ಹಿಡಿದರೆ, ಟ್ಯೂಬ್ಯೂಲ್ (ಒಳಗಿನ ಸಣ್ಣ ನಾಳ) ಸಾಯುತ್ತಿರುವ ಕಿಡ್ನಿಯಲ್ಲಿ ಅದೇ ಇಳಿಯುತ್ತಿತ್ತು. ಈಗ ಎಲ್ಲ ಪ್ರೋಟೀನಿಗೂ ಬಣ್ಣ ಹಚ್ಚುವ ಪಾನ್ಸೋ ಹಾಕಿ ಇಡೀ ಲೇನಿನ ಪ್ರೋಟೀನಿಗೇ ಲೆಕ್ಕ ಹಾಕುತ್ತೇನೆ.

ಲೈಸೇಟನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲಿನ ತಿಳಿ (ಸೂಪರ್ನೇಟೆಂಟ್) ಮಾತ್ರ ಜೆಲ್‌ಗೆ ಹಾಕುತ್ತಿದ್ದೆ. ಒಂದು ಸಂಜೆ ಉಳಿದ ಟ್ಯೂಬುಗಳನ್ನು ಬಿಸಾಡಲು ಹೋದವಳು ತಳ ನೋಡಿದೆ. ಶ್ಯಾಮ್ ಕಿಡ್ನಿಯ ಪೆಲೆಟ್ (ತಳದಲ್ಲಿ ಕೂತ ಕರಗದ ಗಸಿ) ಚಿಟಿಕೆಯಷ್ಟು. ಕಟ್ಟಿದ ಕಿಡ್ನಿಯದ್ದು ದಪ್ಪ, ಟಿಪ್ಪಿನಿಂದ ಒತ್ತಿದರೆ ರಬ್ಬರಿನ ಹಾಗೆ. ಟಿಶ್ಯೂ ಕರಗಿಸಲು ಹಾಕುವ ರಿಪಾ ಬಫರಿಗೂ ಕರಗದೆ, ಒಂದಕ್ಕೊಂದು ಬೆಸೆದುಕೊಂಡ ಮ್ಯಾಟ್ರಿಕ್ಸ್ (ಕೋಶಗಳ ನಡುವಿನ ನಾರಿನ ಜಾಲ) ಅದು. ಕಾಯಿಲೆಯ ಮುಖ್ಯ ಭಾಗವನ್ನೇ ಎಂಟು ತಿಂಗಳು ಡಸ್ಟ್‌ಬಿನ್ನಿಗೆ ಹಾಕಿದ್ದೆ. ಸೀನಿಯರ್‌ಗೆ ಹೇಳಿದೆ. "ಪೆಲೆಟ್‌ನಲ್ಲಿ ಡಿಎನ್ಎ, ಕಸ ಬಿಟ್ಟು ಏನಿರುತ್ತೆ? ಎಲ್ಲರೂ ಸೂಪರ್ನೇಟೆಂಟೇ ಓಡಿಸೋದು" ಅಂದರು.

ಪೆಲೆಟನ್ನು ರಿಪಾದಲ್ಲಿ ಎರಡು ಸಲ ತೊಳೆದು, 8 ಮೋಲಾರ್ ಯೂರಿಯಾ, ಎಸ್‌ಡಿಎಸ್, ಪ್ರೋಟೀನಿನ ಬೆಸುಗೆ ಬಿಡಿಸುವ ಡಿಟಿಟಿ ಇರುವ ಬಫರಿನಲ್ಲಿ ಬಿಟ್ಟೆ. ಮೊದಲ ಸಲ ಅಭ್ಯಾಸಬಲದಿಂದ ಐಸಿನ ಮೇಲಿಟ್ಟೆ, ಎಸ್‌ಡಿಎಸ್ ಬೆಳ್ಳಗೆ ಹೆಪ್ಪುಗಟ್ಟಿತು. ಎರಡನೇ ಸಲ 95 ಡಿಗ್ರಿಯಲ್ಲಿ ಕುದಿಸಿದೆ. ಯೂರಿಯಾ ಬಿಸಿಗೆ ಪ್ರೋಟೀನನ್ನೇ ಕೆಡಿಸಿ ಬ್ಯಾಂಡು ಹರಡಿಕೊಂಡಿತು. ಮೂರನೇ ಸಲ ಡಿಎನ್ಎ ಅಂಟಿನಿಂದ ಸ್ಯಾಂಪಲ್ ವೆಲ್ಲಿಗೇ ಇಳಿಯಲಿಲ್ಲ. 26 ಗೇಜಿನ ಸೂಜಿಯಲ್ಲಿ ಹತ್ತು ಹದಿನೈದು ಸಲ ಎಳೆದು ಬಿಟ್ಟ ಮೇಲೆ ಸರಿಹೋಯಿತು. ಈಗ ಎಷ್ಟು ಡಿಗ್ರಿಯಲ್ಲಿ ಎಷ್ಟು ಹೊತ್ತು ಇಡುತ್ತೇನೆ, ಜೊತೆಗೆ ಇನ್ನೇನು ಸೇರಿಸುತ್ತೇನೆ ಅನ್ನುವುದು ಪೇಪರ್ ಬರುವವರೆಗೆ ನನ್ನ ಹತ್ತಿರವೇ ಇರಲಿ. ಡಿಟಿಟಿ ಇದ್ದರೆ ಪ್ರೋಟೀನ್ ಅಳೆಯುವ ಬಿಸಿಎ ಪರೀಕ್ಷೆ ನಂಬುವಂತಿಲ್ಲ, ಆದ್ದರಿಂದ ಟಿಶ್ಯೂ ತೂಕಕ್ಕೆ ಸರಿಯಾಗಿ ಬಫರ್ ಹಾಕಿ. ನಾನು 30 ಮಿಲಿಗ್ರಾಂ ತೆಗೆದುಕೊಳ್ಳುತ್ತೇನೆ. 6 ಪರ್ಸೆಂಟ್ ಜೆಲ್, ಮೆಥನಾಲ್ ಕಡಿಮೆ, 30 ವೋಲ್ಟಿನಲ್ಲಿ ಇಡೀ ರಾತ್ರಿ ವೆಟ್ ಟ್ರಾನ್ಸ್‌ಫರ್ (ಜೆಲ್‌ನ ಪ್ರೋಟೀನನ್ನು ಮೆಂಬ್ರೇನಿಗೆ ದಾಟಿಸುವುದು). ಸೆಮಿಡ್ರೈನಲ್ಲಿ ಇಷ್ಟು ದೊಡ್ಡ ಪ್ರೋಟೀನ್ ನನಗೆ ಒಮ್ಮೆಯೂ ಸರಿಯಾಗಿ ದಾಟಲಿಲ್ಲ.

ಫೈಬ್ರೋನೆಕ್ಟಿನ್ ಶ್ಯಾಮ್‌ಗಿಂತ ಆರೇಳು ಪಟ್ಟು ಹೆಚ್ಚು ಬಂತು! ಆರು ಇಲಿಯಲ್ಲಿ ಆರರಲ್ಲೂ. ಕೊಲಾಜೆನ್ ಸುಮಾರು ನಾಲ್ಕು ಪಟ್ಟು. ಬಫರಿಗೆ ಆದ ಖರ್ಚು ಐನೂರು ರೂಪಾಯಿ ದಾಟಿರಲಿಕ್ಕಿಲ್ಲ. ಸೀನಿಯರ್ ಈಗ ತಮ್ಮ ಲಿವರ್ ಸ್ಯಾಂಪಲ್ಲಿಗೂ ಇದನ್ನೇ ಮಾಡುತ್ತಿದ್ದಾರೆ.

ನಡುವೆ ಎನ್ಆರ್‌ಕೆ 49ಎಫ್ ಕೋಶಗಳಿಗೆ (ಇಲಿ ಕಿಡ್ನಿಯ ಫೈಬ್ರೋಬ್ಲಾಸ್ಟ್), ನಾರುಗಟ್ಟಲು ಸಂಕೇತ ಕೊಡುವ ಪ್ರೋಟೀನಾದ ಟಿಜಿಎಫ್ ಬೀಟಾ 1 ಅನ್ನು 5 ನ್ಯಾನೋಗ್ರಾಂ ಹಾಕಿಯೂ ನೋಡಿದೆ. ಕಂಟ್ರೋಲಿನಲ್ಲೇ ಆಲ್ಫಾ ಎಸ್ಎಂಎ ಏರಿತ್ತು: ಗಟ್ಟಿ ಪ್ಲಾಸ್ಟಿಕ್ ಮೇಲೆ ಈ ಕೋಶಗಳು ತಾವಾಗಿಯೇ ಕೆರಳುತ್ತವೆ, ಸೀರಮ್ಮಿನಲ್ಲೂ ಟಿಜಿಎಫ್ ಇರುತ್ತದೆ. ಒಂದು ದಿನ ಸೀರಮ್ ತೆಗೆದಿಟ್ಟರೆ ಸ್ವಲ್ಪ ತಗ್ಗುತ್ತದೆ. ಟಿಜಿಎಫ್ ಅಳೆಯಲು ಎಲೈಸಾ ಪರೀಕ್ಷೆ ಮಾಡುವವರು ಸ್ಯಾಂಪಲ್ಲಿಗೆ ಮೊದಲು ಆಸಿಡ್ ಹಾಕಿ, ಆಮೇಲೆ ನ್ಯೂಟ್ರಲ್ ಮಾಡಿ. ಇಲ್ಲದಿದ್ದರೆ ಸುಪ್ತ ರೂಪದ ಟಿಜಿಎಫ್ ಲೆಕ್ಕಕ್ಕೇ ಸಿಗುವುದಿಲ್ಲ. ಅರ್ಧ ಪ್ಲೇಟು, ಅಂದರೆ ಮೂವತ್ತು ಸಾವಿರದಷ್ಟು, ಹೀಗೆ ಕಳೆದುಕೊಂಡೆ.

ಯುರೇಟರ್ ಕಟ್ಟಿದ ಮೂರನೇ ದಿನದ ಕಿಡ್ನಿಗಳ ಪೆಲೆಟ್ ಅದೃಷ್ಟಕ್ಕೆ ಮೈನಸ್ 80ರಲ್ಲಿ ಉಳಿದಿದೆ. ಸೋಮವಾರ ಅದನ್ನು ಓಡಿಸುತ್ತೇನೆ.