ಅಡ್ವಾನ್ಸ್ ಕೊಡುವ ಮೊದಲು ಪಕ್ಕದ ಮನೆಯ ಬೋರ್ ನೀರು

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಆಸುಪಾಸಿನಲ್ಲಿ ಸೈಟು ನೋಡುವವರಿಗೆ ಇ.ಸಿ. (ಋಣಭಾರ ಪತ್ರ), ಖಾತೆ, ಪಹಣಿ ಬಗ್ಗೆ ನಾನು ಹೇಳಬೇಕಾಗಿಲ್ಲ. ಆದರೆ ಇ.ಸಿ.ಯಲ್ಲಿ ಜಾಗದ ಮೇಲಿನ ಸಾಲ ಕಾಣುತ್ತದೆ, ನೆಲದ ಕೆಳಗಿನ ಕ್ರೋಮಿಯಂ ಕಾಣಲ್ಲ. ಲೋಹಕ್ಕೆ ಕ್ರೋಮಿಯಂ ಲೇಪ ಹಾಕುವ ಎಲೆಕ್ಟ್ರೋಪ್ಲೇಟಿಂಗ್ ಶೆಡ್‌ಗಳು ಅಲ್ಲಿ ದಶಕಗಳಿಂದ ಇವೆ. ಅಡ್ವಾನ್ಸ್‌ಗೆ ಮೊದಲು ಅಕ್ಕಪಕ್ಕದ ಬೋರ್ ನೀರು ಟೆಸ್ಟ್ ಮಾಡಿಸೋಣ ಅಂದೆ. "ಸೈಟ್ ತಗೊಳ್ತೀರೋ, ವಾಟರ್ ಬಾಟ್ಲಿ ಫ್ಯಾಕ್ಟರಿ ಹಾಕ್ತೀರೋ ಸಾರ್?" ಅಂತ ಬ್ರೋಕರ್ ನಕ್ಕ. ನಮ್ಮ ಭಾವನೂ ಜೊತೆಗೆ ನಕ್ಕರು.

ಮೊದಲ ಟೆಸ್ಟು ನೀರಲ್ಲಿ ಹೋಮ. ಆ ಮನೆಯವರು ನಲ್ಲಿಯಿಂದ ಹಿಡಿದು ಕೊಟ್ಟದ್ದು ಸಂಪಿನ ನೀರು, ಅದರಲ್ಲಿ ಅರ್ಧ ಕಾವೇರಿ. ರಿಪೋರ್ಟು ಚೊಕ್ಕವಾಗಿ ಬಂತು, ಎರಡು ಸಾವಿರ ಹೋಯಿತು. ಮುಂದಿನ ಸಲ ಬೋರ್ ಹತ್ತು ನಿಮಿಷ ಓಡಿಸಿ, ಸಂಪಿಗೆ ಬೀಳುವ ಪೈಪಿನ ಬಾಯಲ್ಲೇ ಹಿಡಿದೆ. ಲೋಟದಲ್ಲಿ ತಿಳಿಯಾಗಿತ್ತು. ಬಿಳಿ ಬಕೆಟ್ ತುಂಬಿದಾಗ ಮಾತ್ರ ತಳದಲ್ಲಿ ತೆಳು ಹಳದಿ ಕಂಡಿತು. ನೀರಿನಲ್ಲಿ ಕರಗಿದ್ದರ ಒಟ್ಟು ಲೆಕ್ಕವಷ್ಟೇ ಹೇಳುವ ಟಿಡಿಎಸ್ ಪೆನ್ನು 600ರ ಹತ್ತಿರ ತೋರಿಸಿ ಸುಮ್ಮನಾಯಿತು. ಅದನ್ನು ನಂಬಿ ಕೂತರೆ ಕಥೆ ಮುಗೀತು. ಲ್ಯಾಬಿನಲ್ಲಿ ಕ್ರೋಮಿಯಂ ಅಂತ ಬೇರೆ ಬರೆಸಿ, ಬಾಟಲಿಯನ್ನು ಐಸ್ ಡಬ್ಬಿಯಲ್ಲಿಟ್ಟು ಅವತ್ತೇ ಮುಟ್ಟಿಸಿದೆ. ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಬಂದದ್ದು ಒಂದೂವರೆ ಚಿಲ್ಲರೆ! ಭಾವ ನಗೋದು ನಿಲ್ಲಿಸಿದರು. ಕುಡಿಯೋಕೆ ಆರ್‌ಓ ಹಾಕಬಹುದು, ಸ್ನಾನ, ಪಾತ್ರೆ ಎಲ್ಲ ಅದರಲ್ಲೇ ಅಲ್ವಾ? ನಾಳೆ ಮಾರಲು ಹೊರಟಾಗ ನನ್ನ ಥರದವನೇ ಗಿರಾಕಿಯಾಗಿ ಸಿಕ್ಕಿದರೆ?

ಮಧ್ಯೆ ಒಂದು ತಿಕ್ಕಲು. ಆ ಸೈಟಿನ ಮಣ್ಣು ಒಂದು ಕುಂಡಕ್ಕೆ, ಊರಿನ ಮಣ್ಣು ಇನ್ನೊಂದಕ್ಕೆ ಹಾಕಿ ಮೆಂತ್ಯ ಬಿತ್ತಿದೆ. ಎರಡೂ ಸೊಂಪಾಗಿ ಬಂದವು. ಏನೂ ಗೊತ್ತಾಗಲಿಲ್ಲ, ತಿನ್ನುವ ಧೈರ್ಯವೂ ಆಗಲಿಲ್ಲ.

ಕೊನೆಗೆ ನೆಲಮಂಗಲದ ಕಡೆ ತಗೊಂಡೆ. ಕೆರೆ, ರಾಜಕಾಲುವೆ ಎಲ್ಲಿವೆ ಅಂತ ಸರ್ಕಾರದ ಸರ್ವೆ ನಕ್ಷೆಯ ದಿಶಾಂಕ್ ಆ್ಯಪ್‌ನಲ್ಲಿ ನೋಡಿಕೊಂಡೆ. ನೀರಿನಲ್ಲಿ ಕ್ರೋಮಿಯಂ ಇಲ್ಲ, ನೈಟ್ರೇಟ್ ಮಾತ್ರ ಲೀಟರಿಗೆ 80 ಮಿಲಿಗ್ರಾಂ ಆಸುಪಾಸು. 45 ದಾಟಬಾರದು. ಅಲ್ಲಿ ಯುಜಿಡಿ (ಒಳಚರಂಡಿ) ಇಲ್ಲ, ಎಲ್ಲರ ಮನೆಯದೂ ಪಾಯಿಖಾನೆ ಪಿಟ್ಟು, ಇನ್ನೇನಾಗುತ್ತೆ. ಇದು ಕುಡಿಯುವ ನೀರಿನ ತೊಂದರೆ ಅಷ್ಟೇ, ಆರ್‌ಓ ಸಾಕು. ಆದರೂ ರಿಪೋರ್ಟನ್ನು ಮಾರುವವರ ಮುಂದಿಟ್ಟು ಚದರಡಿಗೆ ಮುನ್ನೂರು ಇಳಿಸಿದೆ. 1200 ಅಡಿಗೆ ನೀವೇ ಲೆಕ್ಕ ಹಾಕಿ. ಟೆಸ್ಟುಗಳಿಗೆಲ್ಲ ಸೇರಿ ಹನ್ನೆರಡು ಸಾವಿರ ದಾಟಿರಲಿಲ್ಲ.

ಗುರುತಿಲ್ಲದವರ ಮನೆಯಲ್ಲಿ ಬೋರ್ ಓಡಿಸಲು ಹೇಗೆ ಒಪ್ಪಿಸಿದೆ ಅಂತ ಕೇಳಬೇಡಿ, ಅದು ನನ್ನ ಬಂಡವಾಳ. ಕರೆಂಟು ಇರುವ ಹೊತ್ತು ವಿಚಾರಿಸಿಕೊಂಡು ಹೋಗಿ, ಮನೆಯ ಹೆಂಗಸರ ಹತ್ತಿರ ಮೊದಲು ಮಾತಾಡಿ. ಇಷ್ಟು ಮಾತ್ರ ಹೇಳ್ತೀನಿ.