ಮೊಬೈಲ್ ಸ್ಟಾರ್ಟರ್: ತೋಟಕ್ಕೆ ಕಳಿಸುವ ಮೊದಲು ಪರೀಕ್ಷಿಸುವುದು ಹೇಗೆ?

ಪಂಪ್‌ಸೆಟ್‌ಗೆ ರಾಜ್ಯದಲ್ಲಿ ದಿನಕ್ಕೆ 7 ಗಂಟೆ ತ್ರೀ ಫೇಸ್ ಕರೆಂಟ್ ಎಂಬ ಲೆಕ್ಕವಿದೆ. ಎಷ್ಟೋ ಕಡೆ ಅದರಲ್ಲೊಂದು ಪಾಲು ಬರುವುದು ರಾತ್ರಿ. ಟಾರ್ಚ್ ಹಿಡಿದು ಹಾವು ಚೇಳುಗಳ ನಡುವೆ ಬೋರ್‌ವೆಲ್‌ವರೆಗೆ ನಡೆಯುತ್ತಿದ್ದವರಿಗೆ, ಫೋನಿನಿಂದಲೇ ಪಂಪ್ ಆನ್, ಆಫ್ ಮಾಡುವ, ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ಪೆಟ್ಟಿಗೆ ದೊಡ್ಡ ಆಸರೆ. ಆದರೆ ಅದರ ಸಾಫ್ಟ್‌ವೇರ್ ಎಡವಿದರೆ ಸುಡುವುದು ಮೋಟಾರ್. ಅದನ್ನು ನೂರಾರು ಅಡಿ ಆಳದಿಂದ ಎತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವಷ್ಟರಲ್ಲಿ ಬೆಳೆ ಬಾಡಿರುತ್ತದೆ. ಹಾಗಾಗಿ ಕರೆಂಟು, ಸಿಗ್ನಲ್ಲು ಕೈಕೊಟ್ಟಾಗ ಪೆಟ್ಟಿಗೆ ಏನು ಮಾಡುತ್ತದೆ ಎಂಬುದನ್ನೇ ಹೆಚ್ಚು ನೋಡಬೇಕು.

ಕೆಲಸ ಮೇಜಿನ ಮೇಲೆ ಶುರುವಾಗಲಿ, ಪಕ್ಕದಲ್ಲಿ ಎಲೆಕ್ಟ್ರಿಷಿಯನ್ ಇರಲಿ. ಮೋಟಾರ್ ಬದಲು ಫೇಸಿಗೊಂದರಂತೆ 100 ವಾಟ್‌ನ ಮೂರು ಬಲ್ಬ್ ಜೋಡಿಸಿ. ಆಂಪಿಯರ್ ಮಿತಿಯನ್ನು ಬಲ್ಬಿಗೆ ತಕ್ಕಂತೆ ಇಳಿಸಿಕೊಂಡು ‘ಆನ್’ ಕಳಿಸಿ. ಮೂರೂ ಹೊತ್ತಿಕೊಂಡ ಮೇಲಷ್ಟೇ ಫೋನಿಗೆ ‘ಮೋಟಾರ್ ಓಡುತ್ತಿದೆ’ ಎಂಬ ಉತ್ತರ ಬರಬೇಕು. ಈಗ ಬಲ್ಬುಗಳನ್ನು ಬಿಚ್ಚಿ ಮತ್ತೆ ಕಳಿಸಿ. ಆಗಲೂ ಅದೇ ಉತ್ತರ ಬಂದರೆ, ಕರೆಂಟ್ ಹರಿಸುವ ಸ್ವಿಚ್ಚಾದ ರಿಲೇಗೆ ಅಪ್ಪಣೆ ಕೊಟ್ಟದ್ದನ್ನೇ ಸಾಫ್ಟ್‌ವೇರ್ ‘ಓಡಿತು’ ಎಂದುಕೊಂಡಿದೆ. ಆಂಪಿಯರ್ ಅಳೆದೇ ಉತ್ತರಿಸುವಂತೆ ತಿದ್ದಿಸಿ. ಮನೆಯಲ್ಲಿ ಕುಳಿತ ರೈತರಿಗೆ ಆ ಒಂದು ಮೆಸೇಜೇ ಕಣ್ಣು, ಅದು ಸುಳ್ಳಾಗಬಾರದು.

ಬಳಿಕ ಬಲ್ಬುಗಳನ್ನು ಮತ್ತೆ ಜೋಡಿಸಿ ಹೊತ್ತಿಸಿ, ಒಂದು ಫೇಸಿನ ಫ್ಯೂಸ್ ಕೀಳಿ. ಕೆಲವೇ ಸೆಕೆಂಡಿನಲ್ಲಿ ಟ್ರಿಪ್ ಆಗಬೇಕು. ನೀರು ಬತ್ತಿದ ಬೋರ್‌ವೆಲ್‌ನಲ್ಲಿ ಮೋಟಾರ್ ಎಳೆಯುವ ಆಂಪಿಯರ್ ಇಳಿಯುತ್ತದೆ. ಅದನ್ನು ಅನುಕರಿಸಲು 100ರ ಬಲ್ಬ್‌ಗಳ ಜಾಗಕ್ಕೆ 40ರದ್ದು ಹಾಕಿ ನೋಡಿ. ಡ್ರೈ ರನ್, ಅಂದರೆ ನೀರಿಲ್ಲದ ಓಟ, ಎಂದು ಗುರುತಿಸಿ ನಿಲ್ಲಿಸಬೇಕು.

ಇನ್ನು ಸಿಗ್ನಲ್. ಆಂಟೆನಾ ಸಮೇತ ಪೆಟ್ಟಿಗೆಯನ್ನು ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ ‘ಆನ್’ ಮೆಸೇಜ್ ಕಳಿಸಿ, ಒಂದು ಗಂಟೆ ಬಿಟ್ಟು ಬಿಚ್ಚಿ. ನನ್ನ ಮೇಜಿಗೆ ಬಂದಿದ್ದ ಒಂದು ಪೆಟ್ಟಿಗೆ ಫಾಯಿಲ್ ಬಿಚ್ಚಿದೊಡನೆ ಟಕ್ ಎಂದು ರಿಲೇ ಎಳೆದು ಮೂರೂ ಬಲ್ಬ್ ಹೊತ್ತಿಸಿತು. ಎದೆ ಝಲ್ಲೆಂದಿತು. ಸಂಜೆ ಕಳಿಸಿದ ಮೆಸೇಜ್ ಹೀಗೆ ತಡವಾಗಿ ತಲುಪುವ ಹೊತ್ತಿಗೆ ತೋಟದಲ್ಲಿ ಯಾರೋ ಕೇಬಲ್ ಜಾಯಿಂಟ್ ಬಿಚ್ಚಿ ಕುಳಿತಿರಬಹುದು. ಕಳಿಸಿದ ಸಮಯ ನೋಡಿ, ಕೆಲವು ನಿಮಿಷಕ್ಕಿಂತ ಹಳೆಯದಾದರೆ ಪೆಟ್ಟಿಗೆ ಅದನ್ನು ತಿರಸ್ಕರಿಸಬೇಕು. ತಿರಸ್ಕರಿಸಿದ್ದನ್ನೂ ತಿಳಿಸಬೇಕು.

ಹೋದ ಕರೆಂಟ್ ಬಂದಾಗ ಒಂದೇ ಟಿ.ಸಿ.ಯ (ಟ್ರಾನ್ಸ್‌ಫಾರ್ಮರ್‌ನ) ಪಂಪ್‌ಗಳೆಲ್ಲ ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿಯುತ್ತದೆ. ನಾಲ್ಕಾರು ಪೆಟ್ಟಿಗೆ ಸಾಲಾಗಿಟ್ಟು, ಒಂದೊಂದೂ ಬೇರೆ ಬೇರೆ ಹೊತ್ತು ಕಾದು ಶುರುವಾಗುತ್ತದೆಯೇ ಎಂದು ನೋಡಿ.

ದೂರದಿಂದಲೇ ಸಾಫ್ಟ್‌ವೇರ್ ಬದಲಿಸುವ ಸೌಲಭ್ಯವಿದ್ದರೆ ಅಪ್‌ಡೇಟ್ ಅರ್ಧದಲ್ಲಿರುವಾಗ ಕರೆಂಟ್ ತೆಗೆಯಿರಿ. ಹಳೆಯ ಸಾಫ್ಟ್‌ವೇರ್‌ನಲ್ಲಿ ಅದು ಮತ್ತೆ ಏಳಬೇಕು. ಬೇರೆ ಮಾದರಿಯ ಫೈಲ್ ಕೊಟ್ಟರೆ ನಿರಾಕರಿಸಬೇಕು: 2017ರ ಆಗಸ್ಟ್‌ನಲ್ಲಿ ಅಮೆರಿಕದ ಲಾಕ್‌ಸ್ಟೇಟ್ ಕಂಪನಿಯಿಂದ ತಪ್ಪು ಫೈಲ್ ಹೋಗಿ ಸುಮಾರು 500 ಸ್ಮಾರ್ಟ್ ಬೀಗಗಳು ಕೆಟ್ಟು ಕುಳಿತವು.

ಕೊನೆಗೆ ಗಡಿಯಾರ. ಪೆಟ್ಟಿಗೆಯೊಳಗೆ ಸಮಯ ಅಳೆಯಲು ಮಿಲಿಸೆಕೆಂಡ್ ಎಣಿಸುವ 32 ಬಿಟ್ ಎಣಿಕೆ 49 ದಿನ 17 ಗಂಟೆಗೆ ತುಂಬಿ ಸೊನ್ನೆಗೆ ಮರಳುತ್ತದೆ. ಆ ಕ್ಷಣದಲ್ಲಿ ‘ಅರ್ಧ ಗಂಟೆ ಓಡಿಸು’ ಎಂಬ ಟೈಮರ್ ಎಂದೂ ಮುಗಿಯದೆ ಉಳಿಯಬಹುದು. ಅಷ್ಟು ದಿನ ಕಾಯಬೇಕಿಲ್ಲ. ಎಣಿಕೆಯನ್ನು ತುಂಬಲು 5 ನಿಮಿಷ ಇರುವಲ್ಲಿಗೆ ತಂದಿಡಲು ಪ್ರೋಗ್ರಾಮರ್‌ಗೆ ಹೇಳಿ, 10 ನಿಮಿಷದ ಟೈಮರ್ ಕೊಟ್ಟು, ಬಲ್ಬ್ ಆರುವವರೆಗೆ ಎದುರಲ್ಲೇ ಕುಳಿತು ನೋಡಿ.