ಕಾಸರಗೋಡಿನಿಂದ ಮಂಗಳೂರಿಗೆ ದಿನಾ ರೈಲಿನಲ್ಲಿ ಹೋಗುವವರ ಮನೆಗೆ

ನಮ್ಮ ಕಡೆಯ ಮಕ್ಕಳಿಗೆ ಮಂಗಳೂರಿನಲ್ಲಿ ಕೆಲಸ ಸಿಕ್ಕಿತು ಅಂದ ಕೂಡಲೇ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ. ಅಲ್ಲೇ ರೂಮ್ ಮಾಡುವುದಾ, ದಿನಾ ಹೋಗಿ ಬರುವುದಾ? ನಾನು ಸರ್ವೀಸ್ ಪೂರ್ತಿ ಕುಂಬಳೆಯಿಂದ ಓಡಾಡಿದವಳು. ಹಾಗಾಗಿ ಹೋಗಿ ಬರುವವರ ಪರವೇ ಮಾತಾಡುತ್ತೇನೆ. ಸ್ವಂತ ಮನೆ ಇರುವಾಗ ಸಂಬಳದ ದೊಡ್ಡ ಪಾಲನ್ನು ಬಾಡಿಗೆಗೆ ಯಾಕೆ ಸುರಿಯಬೇಕು ಅಲ್ವಾ? ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಫೀಸಿಗೆ ಹೊಂದಿಕೊಳ್ಳುವುದು ಅಂಥ ಕಷ್ಟವಲ್ಲ, ನಾಲ್ಕು ವಾರದಲ್ಲಿ ಆಗುತ್ತದೆ. ಮನೆಯನ್ನು ರೈಲಿನ ಟೈಮಿಗೆ ಹೊಂದಿಸುವುದೇ ದೊಡ್ಡ ಕೆಲಸ.

ಕಾಸರಗೋಡಿನಿಂದ ಮಂಗಳೂರು ಸೆಂಟ್ರಲ್‌ಗೆ ಸುಮಾರು 46 ಕಿಲೋಮೀಟರ್, ಹೆಚ್ಚುಕಡಿಮೆ ಒಂದು ಗಂಟೆಯ ದಾರಿ. ಮನೆ ಬಾಗಿಲಿನಿಂದ ಆಫೀಸಿನ ಕುರ್ಚಿಯವರೆಗೆ ಎರಡು ಗಂಟೆ ಅಂತಲೇ ಲೆಕ್ಕ ಹಾಕಿ. ನೇತ್ರಾವತಿ ಸೇತುವೆ ದಾಟಿದ ಮೇಲೆ ಇನ್ನೇನು ಬಂತು ಅಂತ ಎಲ್ಲರೂ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬರುತ್ತಾರೆ. ಅಲ್ಲಿಯೇ ಸಿಗ್ನಲ್‌ಗೆ ನಿಂತರೆ ಕಾಲು ಗಂಟೆ ಹೋಯಿತು. ಹತ್ತು ಗಂಟೆಯ ಆಫೀಸಿಗೆ ಒಂಬತ್ತೂಮುಕ್ಕಾಲಕ್ಕೆ ಮುಟ್ಟುವ ರೈಲು ಹಿಡಿಯಬೇಡಿ, ಅದರ ಹಿಂದಿನದನ್ನು ಹಿಡಿಯಿರಿ. ಬೇಗ ಮುಟ್ಟಿದ ದಿನ ಒಂದು ಚಾ ಕುಡಿದು ಒಳಗೆ ಹೋಗಿ.

ಸೆಂಟ್ರಲ್ ಬೇರೆ, ಜಂಕ್ಷನ್ ಬೇರೆ. ಇದು ಹೊಸಬರಿಗೆ ಗೊತ್ತಿರುವುದಿಲ್ಲ. ಕೇರಳದ ಕಡೆಯಿಂದ ಬಂದು ಮುಂಬೈ, ದೆಹಲಿ ಅಂತ ಕೊಂಕಣ ರೈಲ್ವೆಯಲ್ಲಿ ಮುಂದೆ ಹೋಗುವ ಗಾಡಿಗಳು ಸೆಂಟ್ರಲ್‌ಗೆ ಬರುವುದಿಲ್ಲ. ಪಡೀಲಿನ ಹತ್ತಿರದ ಜಂಕ್ಷನ್‌ನಲ್ಲಿ ನಿಲ್ಲುತ್ತವೆ. ಹಳಬರು ಅದನ್ನು ಈಗಲೂ ಕಂಕನಾಡಿ ಅಂತಲೇ ಹೇಳುವುದು. ಸೆಂಟ್ರಲ್ ಹತ್ತಿರದ ಹಂಪನಕಟ್ಟೆಯಲ್ಲಿ ಆಫೀಸು ಇರುವವರು ಅಲ್ಲಿ ಇಳಿದರೆ ಸಿಟಿ ಬಸ್ಸಿಗೆ ಮತ್ತೆ ಕಾಯಬೇಕು. ಮಳೆಗಾಲದಲ್ಲಿ ಕೊಂಕಣ ದಾರಿಯ ಗಾಡಿಗಳ ಟೈಮ್ ಬೇರೆಯೇ ಇರುತ್ತದೆ. ಹೋಗುವಾಗ ಸಿಕ್ಕಿದರೆ ಹತ್ತಿ, ಸಂಜೆ ಬರುವುದಕ್ಕೆ ಮಾತ್ರ ಅವುಗಳನ್ನು ನಂಬಿ ಕೂರಬೇಡಿ.

ಟಿಕೆಟ್ ವಿಷಯ ಬೇಗ ಮುಗಿಸುತ್ತೇನೆ. ಸೀಸನ್ ಟಿಕೆಟ್, ಅಂದರೆ ದಿನಾ ಹೋಗಿ ಬರುವವರ ಪಾಸ್ ಮಾಡಿಸಿ. ಮೂರು ತಿಂಗಳದ್ದಕ್ಕೆ ತಿಂಗಳ ದರದ 2.7 ಪಟ್ಟು ಕೊಟ್ಟರೆ ಸಾಕು, ಕೆಲಸ ಗಟ್ಟಿ ಅಂತ ಗೊತ್ತಾದ ಮೇಲೆ ಅದೇ ಲಾಭ. ಮುಗಿಯುವ 10 ದಿನ ಮೊದಲೇ ಹೊಸತು ಮಾಡಿಸಿಕೊಳ್ಳಬಹುದು. ಕೊನೆಯ ದಿನದವರೆಗೆ ಕಾದರೆ ಸೋಮವಾರ ಬೆಳಿಗ್ಗೆ ಕೌಂಟರಿನ ಸಾಲಿನಲ್ಲಿ ನಿಂತು ರೈಲು ಹೋಗುವುದನ್ನು ನೋಡಬೇಕಾಗುತ್ತದೆ. ಸೂಪರ್‌ಫಾಸ್ಟ್ ಗಾಡಿಗೆ ಬೇರೆ ದುಡ್ಡು ಕಟ್ಟಬೇಕು. ಸೀಸನ್ ಉಂಟು ಅಂತ ರಿಸರ್ವೇಶನ್ ಬೋಗಿ ಹತ್ತಿ ಟಿಟಿಇ ಹತ್ತಿರ ವಾದ ಮಾಡಬೇಡಿ.

ಇನ್ನು ಅಡುಗೆಮನೆ. ಬೆಳಿಗ್ಗೆ ಆರೂವರೆಗೆ ಮನೆ ಬಿಡಬೇಕಾದರೆ ಕುಚ್ಚಲಕ್ಕಿ ಬೇಯುವುದನ್ನು ಕಾಯುತ್ತಾ ಕೂರಲು ಆಗುವುದಿಲ್ಲ. ನಮ್ಮಲ್ಲಿ ಎಷ್ಟೋ ಮನೆಯಲ್ಲಿ ಈಗ ಬಿಸಿ ಹಿಡಿದಿಡುವ ಥರ್ಮಲ್ ಕುಕ್ಕರ್ ಉಂಟು. ಎದ್ದ ಕೂಡಲೇ ಅಕ್ಕಿಯನ್ನು ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ ಅದರೊಳಗೆ ಇಟ್ಟುಬಿಡಿ. ಸ್ನಾನ, ದೇವರ ದೀಪ, ತಿಂಡಿ ಎಲ್ಲ ಮುಗಿಯುವಾಗ ಅನ್ನ ಆಗಿರುತ್ತದೆ. ಬಸಿದು ಅಗಲ ತಟ್ಟೆಗೆ ಹಾಕಿ ಆರಿಸಿ, ಆಮೇಲೆ ಡಬ್ಬಿಗೆ ತುಂಬಿ. ಬಿಸಿ ಅನ್ನಕ್ಕೆ ಮುಚ್ಚಳ ಬಿಗಿದರೆ ಒಳಗೆ ಬೆವರುತ್ತದೆ, ಮಧ್ಯಾಹ್ನಕ್ಕೆ ನೀರು ನೀರು.

ನಮ್ಮ ಅಡುಗೆಗೆ ತೆಂಗಿನಕಾಯಿ ಇಲ್ಲದೆ ಆಗುವುದಿಲ್ಲ, ಡಬ್ಬಿಗೆ ಆಗದ್ದೂ ಅದೇ. ಮಾರ್ಚ್, ಏಪ್ರಿಲ್ ಸೆಕೆಯಲ್ಲಿ ಹಸಿ ಕಾಯಿಚಟ್ನಿ, ತಂಬುಳಿ ಹನ್ನೆರಡು ಗಂಟೆಗೇ ಹಳಸಿದ ವಾಸನೆ ಬರುತ್ತದೆ. ಅರೆದು ಹಾಕಿದ ಪದಾರ್ಥವಾದರೆ ಮಸಾಲೆ ಹಾಕಿದ ಮೇಲೂ ಚೆನ್ನಾಗಿ ಕುದಿ ಬರಲಿ. ಅದಕ್ಕಿಂತ ಕಾಯಿ ಹಾಕದ ಬೋಳುಹುಳಿ, ಸಾರು, ಹಾಗಲಕಾಯಿ ಗೊಜ್ಜು ಒಳ್ಳೆಯದು. ಕಾಯಿ ಹುರಿದು ಮಾಡಿದ ಒಣಚಟ್ನಿ ಒಂದು ಬಾಟಲಿ ಆಫೀಸಿನ ಡ್ರಾಯರಿನಲ್ಲೇ ಇರಲಿ. ಮೊಸರನ್ನ ಬೇಕಾದರೆ ಮೊಸರು ಕಲಸಬೇಡಿ. ಅನ್ನ ಚೆನ್ನಾಗಿ ಮೆದು ಮಾಡಿ, ಕಾಯಿಸಿ ಆರಿಸಿದ ಹಾಲು ಹಾಕಿ, ಒಂದು ಚಮಚ ಮೊಸರು ಸೇರಿಸಿ. ಊಟದ ಹೊತ್ತಿಗೆ ಡಬ್ಬಿಯಲ್ಲೇ ಹೆಪ್ಪಾಗಿ ಹದವಾಗಿರುತ್ತದೆ, ಹುಳಿ ಬರುವುದಿಲ್ಲ.

ದೋಸೆ, ಚಪಾತಿಗೆ ಬಾಳೆಲೆಯೇ ಸರಿ. ಎಲೆಯನ್ನು ಹಾಗೇ ಮಡಚಿದರೆ ಹರಿಯುತ್ತದೆ. ಒಲೆಯ ಉರಿಯ ಮೇಲೆ ಒಮ್ಮೆ ಆಚೆ, ಒಮ್ಮೆ ಈಚೆ ಎಳೆಯಿರಿ. ಹಸಿರು ಬಣ್ಣ ಗಾಢವಾಗಿ ಮಿಂಚುತ್ತದೆ, ಎಲೆ ಬಟ್ಟೆಯಂತೆ ಮೆತ್ತಗಾಗುತ್ತದೆ. ಹಾಗೆ ಬಾಡಿಸಿದ ಎಲೆಯಲ್ಲಿ ಎಷ್ಟು ಬೇಕಾದರೂ ಮಡಿಕೆ ಹಾಕಬಹುದು. ನೀರುದೋಸೆ ಮಾತ್ರ ಒಂದೊಂದನ್ನೂ ಬಿಡಿಸಿ ಹರಡಿ, ಪೂರ್ತಿ ಆರಿದ ಮೇಲೆ ಮಡಚಿ. ಇಲ್ಲದಿದ್ದರೆ ಎಲ್ಲ ಸೇರಿ ಒಂದೇ ಮುದ್ದೆ. ಮತ್ತೊಂದು, ಹಲಸಿನ ಹಣ್ಣಿನ ಸಮಯದಲ್ಲಿ ಆಫೀಸಿನವರಿಗೆ ಅಂತ ತೊಳೆ ಕಟ್ಟಿಕೊಂಡು ರೈಲು ಹತ್ತಬೇಡಿ ಮಾರಾಯ್ರೇ. ಇಡೀ ಬೋಗಿಗೆ ಗೊತ್ತಾಗುತ್ತದೆ. ಹಪ್ಪಳ, ಚಿಪ್ಸ್ ಆದರೆ ಅಡ್ಡಿಯಿಲ್ಲ.

ಕಾಯಿ ತುರಿಯುವುದು, ಬೆಳ್ಳುಳ್ಳಿ ಸುಲಿಯುವುದು, ಹುಣಸೆ ಗಟ್ಟಿಯಾಗಿ ಕಿವುಚಿ ಇಡುವುದು ಎಲ್ಲ ಭಾನುವಾರ ಮಧ್ಯಾಹ್ನವೇ ಆಗಲಿ. ಇದನ್ನು ಅಮ್ಮನೋ ಅತ್ತೆಯೋ ಒಬ್ಬರೇ ಮಾಡುವುದು ಬೇಡ. ಸಂಬಳ ತರುವವರೂ ಕೂತು ತುರಿಯಲಿ, ಗಂಡು ಮಕ್ಕಳಾದರೂ ಸರಿ. ಬಟ್ಟೆಗೆ ಇಸ್ತ್ರಿ ಹಿಂದಿನ ರಾತ್ರಿಯೇ ಮುಗಿಸಿ. ಜೂನ್, ಜುಲೈಯಲ್ಲಿ ಬೆಳಿಗ್ಗೆ ಕರೆಂಟು ಇರುತ್ತದೆ ಅಂತ ಹೇಳಲು ಬರುವುದಿಲ್ಲ.

ಮಳೆಗಾಲದ ಬಟ್ಟೆಯದ್ದೇ ಒಂದು ಪುರಾಣ. ಆಟಿ ತಿಂಗಳಲ್ಲಿ ಬಟ್ಟೆ ಒಣಗುವುದಿಲ್ಲ ಅಂತ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಹಾಕುತ್ತೇವಲ್ಲ, ನಮಗೆ ಆ ಹೊಗೆಯ ವಾಸನೆ ಗೊತ್ತೇ ಆಗುವುದಿಲ್ಲ. ಆಫೀಸಿನ ಎಸಿ ಕೋಣೆಯಲ್ಲಿ ಪಕ್ಕದವರಿಗೆ ಗೊತ್ತಾಗುತ್ತದೆ. ಬೇಗ ಒಣಗುವ ಮಿಕ್ಸ್ ಬಟ್ಟೆಯ ನಾಲ್ಕು ಜೊತೆ ಮಳೆಗಾಲಕ್ಕೆಂದೇ ಇಟ್ಟುಕೊಳ್ಳಿ, ಫ್ಯಾನಿನ ಕೆಳಗೆ ಒಣಗಿಸಿ. ಶೂ ಆಫೀಸಿನಲ್ಲೇ ಬಿಡಿ, ದಾರಿಗೆ ರಬ್ಬರ್ ಚಪ್ಪಲಿ ಸಾಕು. ಶೂ ಒಳಗೆ ಪೇಪರು ತುರುಕಿದರೆ ಬೂಷ್ಟು ಬರುವುದು ಕಡಿಮೆ. ಲ್ಯಾಪ್‌ಟಾಪನ್ನು ಮೊದಲು ಪ್ಲಾಸ್ಟಿಕ್ ಕವರಿಗೆ ಹಾಕಿ, ಆಮೇಲೆ ಬ್ಯಾಗಿಗೆ. ಬ್ಯಾಗಿನ ಮೇಲೆ ಹಾಕುವ ರೈನ್‌ಕವರು ಬೆನ್ನಿನ ಕಡೆ ತೆರೆದೇ ಇರುತ್ತದೆ. ನೀರು ಇಳಿಯುವುದು ಅಲ್ಲಿಂದಲೇ.

ಕೂರುವ ಜಾಗಕ್ಕೂ ಒಂದು ಲೆಕ್ಕ ಉಂಟು. ಬೆಳಿಗ್ಗೆ ಗಾಡಿ ಉತ್ತರಕ್ಕೆ ಹೋಗುತ್ತದೆ, ಬಿಸಿಲು ಬಲಗಡೆ. ಸಂಜೆ ದಕ್ಷಿಣಕ್ಕೆ ಬರುತ್ತದೆ, ಆಗಲೂ ಬಿಸಿಲು ಬಲಗಡೆಯೇ. ಅಂದರೆ ಗಾಡಿ ಹೋಗುವ ದಿಕ್ಕಿಗೆ ಎಡಗಡೆಯ ಸೀಟು ಎರಡು ಹೊತ್ತೂ ತಂಪು. ಮಳೆಗಾಲದಲ್ಲಿ ಗಾಳಿ, ಮಳೆ ಕಡಲಿನ ಕಡೆಯಿಂದ ಬರುವುದರಿಂದ ಬೆಳಿಗ್ಗೆ ಮಾತ್ರ ಬಲಗಡೆಗೆ ಹೋಗಿ. ಸೀಟು ಸಿಗಲಿಲ್ಲವಾ, ಉಪ್ಪಳ, ಮಂಜೇಶ್ವರದಲ್ಲಿ ಯಾರು ಇಳಿಯುತ್ತಾರೆ ಅಂತ ಕೇಳಿ ಅವರ ಹತ್ತಿರ ನಿಲ್ಲಿ. ದಿನಾ ಹೋಗುವವರ ಗುಂಪಿಗೆ ಅವರದ್ದೇ ಜಾಗ ಇರುತ್ತದೆ. ಹೊಸತರಲ್ಲಿ ಅದಕ್ಕೆ ಜಗಳ ಬೇಡ. ಸ್ವಲ್ಪ ದಿನದಲ್ಲಿ ಅವರೇ ಸರಿದು ಜಾಗ ಕೊಡುತ್ತಾರೆ, ಮಲಯಾಳವೋ ತುಳುವೋ ಬ್ಯಾರಿಯೋ, ಬಾಯಿಗೆ ಬಂದ ಭಾಷೆಯಲ್ಲಿ ಮಾತಾಡಿಸಿದರೆ ಇನ್ನೂ ಬೇಗ. ಸಂಜೆ ನಿದ್ದೆ ಮಾಡುವವರು ಅಲಾರಂ ಇಡಿ. ಕುಂಬಳೆ ತಪ್ಪಿದರೆ ಕಾಸರಗೋಡಿನಲ್ಲಾದರೂ ಎಚ್ಚರ ಆಗಬೇಕಲ್ಲ, ಗಾಡಿ ಕಣ್ಣೂರಿಗೂ ಹೋಗುತ್ತದೆ!

ಆಫೀಸಿನಲ್ಲಿ ಮೇಲಿನವರಿಗೆ ಮೊದಲ ವಾರವೇ ನಿಮ್ಮ ರೈಲಿನ ಟೈಮ್ ಸರಿಯಾಗಿ ಹೇಳಿ. ಬೆಳಿಗ್ಗೆ ಬೇಗ ಬರುತ್ತೇನೆ, ಸಂಜೆ ಇಷ್ಟು ಗಂಟೆಗೆ ಹೊರಡಬೇಕು ಅಂತ ಕೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ತಡವಾದ ದಿನ ರೈಲಿನಿಂದಲೇ ಒಂದು ಮೆಸೇಜು ಹಾಕಿ. ಬಂದ ಮೇಲೆ ಕತೆ ಹೇಳುವುದು ಬೇಡ. ಸೇರುವಾಗ ಕೊಡುವ ಕಾಗದಪತ್ರದಲ್ಲಿ ಹೆಸರು ನೋಡಿಕೊಳ್ಳಿ. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಹೆಸರಿನ ಜೊತೆ ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಪ್ಯಾನ್‌ನಲ್ಲಿ ಇನ್ನೊಂದು ಸ್ಪೆಲ್ಲಿಂಗು, ನಮ್ಮಲ್ಲಿ ಇದು ಮಾಮೂಲು. ಪಿಎಫ್‌ಗೆ ಆಧಾರ್ ಹೆಸರೇ ಹೊಂದಬೇಕು. ಈಗಲೇ ಸರಿ ಮಾಡಿಸಿದರೆ ಮುಂದೆ ದುಡ್ಡು ತೆಗೆಯುವಾಗ ಅಲೆದಾಟ ಇರುವುದಿಲ್ಲ.

ರಜೆಯ ತೊಡಕು ಗಡಿಯವರಿಗೆ ಮಾತ್ರ ಗೊತ್ತು. ಮನೆ ಕೇರಳದಲ್ಲಿ, ಆಫೀಸು ಕರ್ನಾಟಕದಲ್ಲಿ. ಓಣಂಗೆ ಮಕ್ಕಳ ಶಾಲೆಗೆ ಹತ್ತು ದಿನ ರಜೆ, ನಿಮಗೆ ಇಲ್ಲ. ಆ ದಿನಗಳಲ್ಲಿ ಮಕ್ಕಳನ್ನು ಯಾರು ನೋಡಿಕೊಳ್ಳುವುದು ಅಂತ ಜುಲೈಯಲ್ಲೇ ಮಾತಾಡಿ ಇಟ್ಟುಕೊಳ್ಳಿ. ಜೋರು ಮಳೆಗೆ ಇಲ್ಲಿನ ಕಲೆಕ್ಟರ್ ಶಾಲೆಗೆ ರಜೆ ಕೊಟ್ಟರೂ ನಿಮ್ಮ ಆಫೀಸು ತೆರೆದೇ ಇರುತ್ತದೆ. ಹರತಾಳದ ದಿನ ಸಾಮಾನ್ಯವಾಗಿ ರೈಲು ಓಡುತ್ತದೆ, ಸ್ಟೇಷನ್ನಿಗೆ ಹೋಗಲು ಬಸ್ಸು, ರಿಕ್ಷಾ ಇರುವುದಿಲ್ಲ. ನೆರೆಮನೆಯಲ್ಲಿ ಬೈಕ್ ಇರುವವರಿಗೆ ಹಿಂದಿನ ದಿನವೇ ಹೇಳಿಡಿ. ಫೆಬ್ರವರಿಯಿಂದ ಮೇ ತನಕ ಕೋಲ, ಬ್ರಹ್ಮಕಲಶ, ಮದುವೆ ಅಂತ ಕರೆ ಬರುತ್ತಲೇ ಇರುತ್ತದೆ. ಪ್ರೊಬೇಷನ್ ಮುಗಿಯುವವರೆಗೆ ತೀರಾ ಹತ್ತಿರದವರದ್ದಕ್ಕೆ ಮಾತ್ರ ರಜೆ ಹಾಕಿ, ಉಳಿದ ಕಡೆಗೆ ಮನೆಯಿಂದ ಬೇರೆ ಯಾರಾದರೂ ಹೋಗಿ ಬರಲಿ.